ಮುರುಗಲು: ಒಂದೇ ಬುಟ್ಟಿ ಹಣ್ಣಿನಿಂದ ಪಾಕ, ಒಣಸಿಪ್ಪೆ, ತುಪ್ಪ – ಹಂತ ಹಂತವಾಗಿ

ಪ್ರತಿ ವರ್ಷ ಅವೇ ಮೂರು ದೂರು. ಪಾಕ ಹದಿನೈದೇ ದಿನಕ್ಕೆ ನೊರೆ ಎದ್ದು ಹೆಂಡದ ವಾಸನೆ ಬಂತು. ಚೆನ್ನಾಗಿ ಒಣಗಿಸಿಟ್ಟ ಸಿಪ್ಪೆ ಆಷಾಢ ಬರುವಷ್ಟರಲ್ಲಿ ಬೂಸಲು ಹಿಡಿಯಿತು. ಬೀಜ ಎಷ್ಟು ಕುದಿಸಿದರೂ ಅದರ ಜಿಡ್ಡು, ಅಂದರೆ ಮುರುಗಲ ತುಪ್ಪ, ಮೇಲೆ ಬರಲಿಲ್ಲ, ಕೆಸರಿನಂಥ ಗಂಜಿಯೇ ಉಳಿಯಿತು. ಮೂರಕ್ಕೂ ಕಾರಣ ಹೆಚ್ಚುಕಡಿಮೆ ಒಂದೇ: ನೀರು ಇರಬಾರದ ಕಡೆ ನೀರು ಸೇರಿದೆ, ಇಲ್ಲವೇ ಕೊಯ್ದ ದಿನವೇ ಮುಗಿಸಬೇಕಿದ್ದ ಕೆಲಸ ಮರುದಿನಕ್ಕೆ ಹೋಗಿದೆ. ಮುರುಗಲಿನ ಕೆಲಸದಲ್ಲಿ ಕೈಚಳಕಕ್ಕಿಂತ ಸರದಿ ಮುಖ್ಯ.

ಹೆಸರಿನ ಗೊಂದಲ ಮೊದಲು ಬಿಡಿಸಿಕೊಳ್ಳಿ. ಉತ್ತರ ಕನ್ನಡ ಮತ್ತು ಶಿವಮೊಗ್ಗದ ಮಲೆನಾಡಿನಲ್ಲಿ ಮುರುಗಲು, ದಕ್ಷಿಣ ಕನ್ನಡ-ಉಡುಪಿಯಲ್ಲಿ ಪುನರ್ಪುಳಿ, ಅಂಗಡಿಯಲ್ಲಿ ಕೋಕಂ – ಎಲ್ಲವೂ ಒಂದೇ ನಿತ್ಯಹರಿದ್ವರ್ಣ ಮರ, ಗಾರ್ಸಿನಿಯಾ ಇಂಡಿಕಾ. ಉಪ್ಪಾಗೆ ಇದರ ದಾಯಾದಿ, ಆದರೆ ಬೇರೆ ಮರ. ಉಪ್ಪಾಗೆ ಹಣ್ಣಿಗೆ ಪುಟ್ಟ ಕುಂಬಳದ ಹಾಗೆ ಉದ್ದುದ್ದ ಗೀರುಗಳಿರುತ್ತವೆ, ಮುರುಗಲು ನುಣ್ಣಗೆ ಗುಂಡಗೆ. ಕೆಳಗಿನ ಅಳತೆಗಳು ಮುರುಗಲಿಗೆ ಮಾತ್ರ.

## ಬೇಕಾಗುವ ಸಾಮಾನು

ಲೆಕ್ಕಕ್ಕೆ 10 ಕಿಲೋ ಹಣ್ಣು ಇಟ್ಟುಕೊಳ್ಳೋಣ. ಅದರಲ್ಲಿ ಸುಮಾರು ಅರ್ಧದಷ್ಟು, ಅಂದರೆ 5 ಕಿಲೋ ಆಸುಪಾಸು ಹಸಿ ಸಿಪ್ಪೆ ಸಿಗುತ್ತದೆ. ಉಳಿದದ್ದು ತಿರುಳು, ರಸ, ಬೀಜ.

ಚೀನಿ ಭರಣಿ ಅಥವಾ ಅಗಲ ಬಾಯಿಯ ಗಾಜಿನ ಜಾಡಿ, ಎರಡು ಸ್ಟೀಲ್ ಪಾತ್ರೆ, ಸ್ಟೀಲ್ ಚಾಕು, ಮರದ ಸೌಟು, ಬಿಳಿ ಪಂಚೆಬಟ್ಟೆ, ಬಿದಿರಿನ ತಟ್ಟಿ ಅಥವಾ ಗೆರಸಿ, ಸೊಳ್ಳೆಪರದೆಯ ತುಂಡು, ಒರಳು-ಒನಕೆ, ತೂಕದ ತಕ್ಕಡಿ. ಸಕ್ಕರೆ 4 ಕಿಲೋ, ಕಲ್ಲುಪ್ಪು ಅರ್ಧ ಕಿಲೋ.

ಅಲ್ಯೂಮಿನಿಯಂ, ಕಬ್ಬಿಣ, ತಾಮ್ರ, ಕಲಾಯಿ ಇಲ್ಲದ ಹಿತ್ತಾಳೆ – ಇವು ಯಾವುದೂ ಬೇಡ. ಈ ಹಣ್ಣಿನ ಹುಳಿ ಬಲು ಜೋರು. ಅಲ್ಯೂಮಿನಿಯಂ ಪಾತ್ರೆಯನ್ನು ತಿನ್ನುತ್ತದೆ, ಕಬ್ಬಿಣ ತಾಗಿದರೆ ಕೆಂಪು ಬಣ್ಣ ಕಪ್ಪಿಟ್ಟು ರುಚಿಯೂ ಕೆಡುತ್ತದೆ. ಮಾಡಿಗೆ ಹೊದಿಸಿದ ತಗಡಿನ ಶೀಟಿನ ಮೇಲೆ ಸಿಪ್ಪೆ ಹರವುವುದನ್ನು ಹಲವೆಡೆ ಕಾಣಬಹುದು. ಬೇಗ ಒಣಗುತ್ತದೆ ನಿಜ, ಆದರೆ ಶೀಟಿನ ಸತುವಿನ ಲೇಪ ಹುಳಿಗೆ ಕರಗಿ ಸಿಪ್ಪೆಗೆ ಇಳಿಯುತ್ತದೆ. ಬೇರೆ ಜಾಗವೇ ಇಲ್ಲದಿದ್ದರೆ ನಡುವೆ ದಪ್ಪ ಬಟ್ಟೆಯನ್ನಾದರೂ ಹಾಸಿ.

## ಹಂತ 1: ಕೊಯ್ಲು ಮತ್ತು ಆರಿಸುವುದು

ಹಣ್ಣು ಒಮ್ಮೆಗೇ ಮಾಗುವುದಿಲ್ಲ. ಏಪ್ರಿಲ್‌ನಿಂದ ಜೂನ್‌ವರೆಗೆ ಒಂದೇ ಕೊಂಬೆಯಲ್ಲಿ ಹಸಿರು, ತಿಳಿಗೆಂಪು, ಕಡುಗೆಂಪು ಮೂರೂ ಇರುತ್ತವೆ. ಆದ್ದರಿಂದ ಮರವನ್ನು ಅಲುಗಾಡಿಸಿ ಎಲ್ಲವನ್ನೂ ಉದುರಿಸುವುದು ನಷ್ಟ. ಕೆಳಗೆ ಬಲೆಯನ್ನೋ ಹಳೆ ಸೀರೆಯನ್ನೋ ಹಾಸಿ, ದೋಟಿಯಿಂದ ಮಾಗಿದ್ದನ್ನು ಮಾತ್ರ ಇಳಿಸಿ. ವಾರಕ್ಕೆ ಎರಡು ಸಲ ಕೊಯ್ದರೆ ಸಾಕು.

ಪಾಕಕ್ಕೆ ಕಡುನೇರಳೆ ಬಣ್ಣಕ್ಕೆ ತಿರುಗಿದ, ಒತ್ತಿದರೆ ತುಸು ಮೆತ್ತಗಾಗುವ ಹಣ್ಣೇ ಬೇಕು. ತಿಳಿಗೆಂಪು ಹಣ್ಣಿನ ಪಾಕ ಬಣ್ಣ ಬಿಡುವುದಿಲ್ಲ, ಬರೀ ಹುಳಿ. ಅಂಥವು ಒಣಸಿಪ್ಪೆಗೆ ನಡೆಯುತ್ತವೆ.

ರೋಹಿಣಿ ಮಳೆ ಹಿಡಿಯುವ ಮೊದಲು ದೊಡ್ಡ ಕೊಯ್ಲು ಮುಗಿದಿರಬೇಕು. ಮಳೆ ಕುಡಿದ ಹಣ್ಣು ಉಬ್ಬಿ ಸಿಪ್ಪೆ ಸೀಳುತ್ತದೆ. ಸೀಳಿನಲ್ಲಿ ಬೂಸಲು ಕೂತಿದ್ದರೂ ಹೊರಗೆ ಕಾಣುವುದಿಲ್ಲ. ಮಳೆಯ ನಂತರ ಸಿಕ್ಕಿದ ಹಣ್ಣನ್ನು ಅದೇ ದಿನದ ಪಾನಕಕ್ಕೆ ಬಳಸಿ, ಇಡಲು ಹೋಗಬೇಡಿ. ನೆಲಕ್ಕೆ ಬಿದ್ದ ಹಣ್ಣಿನಲ್ಲಿ ತೂತು, ಕಪ್ಪು ಕಲೆ, ಹುದುಗಿದ ವಾಸನೆ ಇದ್ದರೆ ಪೂರ್ತಿ ಹಣ್ಣನ್ನೇ ಬಿಡಿ. ಕೆಟ್ಟ ಭಾಗ ಕತ್ತರಿಸಿ ಉಳಿದದ್ದನ್ನು ಭರಣಿಗೆ ಹಾಕುವ ಉಳಿತಾಯ ಇಡೀ ಭರಣಿಗೆ ಎರವಾಗುತ್ತದೆ.

## ಹಂತ 2: ತೊಳೆಯುವುದು, ಗಾಳಿಗೆ ಆರಿಸುವುದು, ಕತ್ತರಿಸುವುದು

ಈ ಮೂರು ಕೆಲಸ ಇದೇ ಸರದಿಯಲ್ಲಿ ನಡೆಯಬೇಕು. ಇಡೀ ಹಣ್ಣನ್ನು ಎರಡು ನೀರಿನಲ್ಲಿ ತೊಳೆಯಿರಿ, ಬಟ್ಟೆಯ ಮೇಲೆ ಹರವಿ ಗಾಳಿಗೆ ಆರಲು ಬಿಡಿ, ತೊಟ್ಟಿನ ಕುಳಿಯಲ್ಲಿ ನಿಂತ ಹನಿಯನ್ನೂ ಒರೆಸಿ, ಆಮೇಲೆ ಕತ್ತರಿಸಿ. ಕತ್ತರಿಸಿದ ಮೇಲೆ ತೊಳೆಯಲೇಬಾರದು. ಪಾಕ ಕೆಡಿಸಿಕೊಂಡವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಸಿಪ್ಪೆಯ ಒಳಮೈ ನೀರನ್ನು ಹೀರಿಕೊಳ್ಳುತ್ತದೆ, ಬಣ್ಣವೂ ತೊಳೆದು ಹೋಗುತ್ತದೆ.

ಹಣ್ಣನ್ನು ಅಡ್ಡಕ್ಕೆ ಎರಡು ಹೋಳು ಮಾಡಿ, ಬೆರಳಿನಿಂದ ತಿರುಳು-ಬೀಜವನ್ನು ಸ್ಟೀಲ್ ಪಾತ್ರೆಗೆ ಬಗೆದು ಹಾಕಿ. ಸಿಪ್ಪೆ ಒಂದು ಕಡೆ, ತಿರುಳು ಇನ್ನೊಂದು ಕಡೆ. ಕೈಗೆ ಗಾಯವಿದ್ದರೆ ಗ್ಲೌಸ್ ಹಾಕಿಕೊಳ್ಳಿ, ಉರಿ ತಡೆಯಲಾಗುವುದಿಲ್ಲ. ಬಟ್ಟೆಗೆ ಬಿದ್ದ ಕಲೆ ಹೋಗುವುದೂ ಕಷ್ಟ.

ಬೀಜ ಸಮೇತ ತಿರುಳನ್ನು ಮಿಕ್ಸಿಗೆ ಹಾಕಬೇಡಿ. ಬೀಜ ಒಡೆದರೆ ಜಿಡ್ಡು ರಸಕ್ಕೆ ಇಳಿದು, ಇಟ್ಟ ರಸಕ್ಕೆ ಮುಗ್ಗಲು ವಾಸನೆ ಬರುತ್ತದೆ. ಬೀಜವೂ ತುಪ್ಪದ ಕೆಲಸಕ್ಕೆ ಬಾರದಂತಾಗುತ್ತದೆ. ಕೈಯಿಂದ ಹಿಸುಕಿ ಬಟ್ಟೆಯಲ್ಲಿ ಸೋಸಿದರೆ ಸಾಕು.

ಈಗ ಪಾಲು ಮಾಡಿ: 2 ಕಿಲೋ ಸಿಪ್ಪೆ ಪಾಕಕ್ಕೆ, 3 ಕಿಲೋ ಒಣಗಿಸಲು, ರಸ ಒಂದು ಪಾತ್ರೆಗೆ, ಬೀಜ ಇನ್ನೊಂದಕ್ಕೆ. ನಾಲ್ಕೂ ಕೆಲಸ ಅಂದೇ ಶುರುವಾಗಬೇಕು. ಬೇಸಿಗೆಯ ಸೆಕೆಗೆ ಉಪ್ಪು ಬೀಳದ ರಸ ರಾತ್ರಿ ಕಳೆಯುವುದರೊಳಗೆ ಹುದುಗಲು ತೊಡಗುತ್ತದೆ.

## ಹಂತ 3: ಬಿಸಿಲಿನ ಪಾಕ

ಅಳತೆ: ಹಸಿ ಸಿಪ್ಪೆ 1 ಪಾಲು, ಸಕ್ಕರೆ 2 ಪಾಲು. ಎರಡನ್ನೂ ತೂಕದಲ್ಲಿ ಅಳೆಯಬೇಕು, ಲೋಟದಲ್ಲಲ್ಲ. 2 ಕಿಲೋ ಸಿಪ್ಪೆಗೆ 4 ಕಿಲೋ ಸಕ್ಕರೆ.

ಇಷ್ಟೊಂದು ಸಕ್ಕರೆಯೇ ಎಂದು ಕೈ ಹಿಡಿಯುವವರು ಈ ಲೆಕ್ಕ ನೋಡಿ. ಹಸಿ ಸಿಪ್ಪೆಯ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ. ಒಂದು ಕಿಲೋ ಸಿಪ್ಪೆಗೆ ಒಂದೇ ಕಿಲೋ ಸಕ್ಕರೆ ಹಾಕಿದರೆ ಬರುವ ಪಾಕದಲ್ಲಿ ಸಕ್ಕರೆ ಶೇ. 55ರ ಆಸುಪಾಸಿಗೆ ನಿಲ್ಲುತ್ತದೆ. ಅಷ್ಟರಲ್ಲಿ ಹುದುಗುವ ಸೂಕ್ಷ್ಮಜೀವಿಗಳು ಸುಖವಾಗಿ ಬದುಕುತ್ತವೆ. ಶೇ. 65 ದಾಟಿದರೆ ಮಾತ್ರ ಪಾಕ ತಾನೇ ತಾನಾಗಿ ಕೆಡದೆ ನಿಲ್ಲುತ್ತದೆ. ಸಿಹಿ ಕಡಿಮೆ ಬೇಕೆಂದರೆ ಕುಡಿಯುವಾಗ ನೀರು ಹೆಚ್ಚಿಸಿ, ಭರಣಿಯಲ್ಲಿ ಸಕ್ಕರೆ ಕಡಿಮೆ ಮಾಡಬೇಡಿ. ಬೆಲ್ಲವೂ ಇಲ್ಲಿ ಒಗ್ಗುವುದಿಲ್ಲ. ಅದರಲ್ಲೇ ನೀರಿನಂಶ ಇರುತ್ತದೆ, ಬಣ್ಣವೂ ಮಂಕಾಗುತ್ತದೆ.

ಭರಣಿಯನ್ನು ಕುದಿನೀರಿನಲ್ಲಿ ತೊಳೆದು ಬಿಸಿಲಿಗೆ ಪೂರ್ತಿ ಒಣಗಿಸಿ. ತಳಕ್ಕೆ ಒಂದು ಪದರ ಸಕ್ಕರೆ, ಮೇಲೆ ಒಂದು ಪದರ ಸಿಪ್ಪೆ, ಮತ್ತೆ ಸಕ್ಕರೆ – ಹೀಗೆ ತುಂಬುತ್ತಾ ಬಂದು ಕೊನೆಯ ಪದರ ಸಕ್ಕರೆಯದೇ ಆಗಿರಲಿ. ಭರಣಿಯ ಕಾಲುಭಾಗ ಖಾಲಿ ಬಿಡಿ. ಬಾಯಿಗೆ ಬಟ್ಟೆ ಕಟ್ಟಿ ದಿನವಿಡೀ ಬಿಸಿಲಿಗಿಡಿ, ಇಬ್ಬನಿ ಬೀಳುವ ಮುಂಚೆ ಒಳಗೆ ತನ್ನಿ.

ಮೊದಲ ಎರಡು ದಿನ ಬಹಳ ಜೋಪಾನ. ಸಿಪ್ಪೆ ನೀರು ಬಿಟ್ಟು ಮೇಲೆ ತೇಲುತ್ತದೆ, ಸಕ್ಕರೆ ತಳಕ್ಕೆ ಕೂರುತ್ತದೆ. ಮೇಲೆ ಗಾಳಿಗೆ ಒಡ್ಡಿಕೊಂಡ ಸಿಪ್ಪೆಗೆ ಸಕ್ಕರೆಯ ರಕ್ಷಣೆ ಇರುವುದಿಲ್ಲ, ಬೂಸಲು ಹಿಡಿಯುವುದು ಅಲ್ಲೇ. ಆದ್ದರಿಂದ ಒಣಗಿದ ಮರದ ಸೌಟಿನಿಂದ ದಿನಕ್ಕೆರಡು ಸಲ ತಳದಿಂದ ಮೇಲಕ್ಕೆ ತಿರುವಿ, ಸಿಪ್ಪೆಯನ್ನು ರಸದೊಳಕ್ಕೆ ಒತ್ತಿ. ಮೂರನೇ ದಿನದಿಂದ ದಿನಕ್ಕೊಂದು ಸಲ ಸಾಕು.

7-8 ಬಿಸಿಲಿಗೆ ಸಿಪ್ಪೆ ಸುಕ್ಕಿ ಚರ್ಮದಂತಾಗಿ, ಪಾಕ ಕಡುಗೆಂಪಾಗಿ ಸೌಟಿನಿಂದ ಎಳೆಯಾಗಿ ಇಳಿಯುತ್ತದೆ. ತಳದಲ್ಲಿ ತುಸು ಸಕ್ಕರೆ ಉಳಿದಿದ್ದರೆ ಇನ್ನೆರಡು ಬಿಸಿಲು ಕೊಡಿ. ಒಲೆಯ ಮೇಲಿಟ್ಟು ಕರಗಿಸುವ ಅವಸರ ಬೇಡ. ಕಾಯಿಸಿದರೆ ಆ ಕೆಂಪು ಕಂದಾಗುತ್ತದೆ, ರುಚಿ ಜಾಮಿನ ಕಡೆಗೆ ಹೋಗುತ್ತದೆ. ಒಣಬಟ್ಟೆಯಲ್ಲಿ ಸೋಸಿ, ಒಣಗಿದ ಬಾಟಲಿಗೆ ತುಂಬಿ, ಕತ್ತಲಿನ ಕಪಾಟಿನಲ್ಲಿಡಿ. ಒಂದು ಕಿಲೋ ಸಿಪ್ಪೆಗೆ ಎರಡು ಲೀಟರಿಗಿಂತ ತುಸು ಕಡಿಮೆ ಪಾಕ ಬರುತ್ತದೆ. ಅದಕ್ಕಿಂತ ಬಹಳ ಹೆಚ್ಚು ಬಂದರೆ ಎಲ್ಲೋ ನೀರು ಸೇರಿದೆ ಎಂದೇ ತಿಳಿಯಿರಿ. ಜೀರಿಗೆ, ಉಪ್ಪು, ಏಲಕ್ಕಿ ಎಲ್ಲ ಕುಡಿಯುವಾಗ ಬೆರೆಸಿಕೊಳ್ಳುವವು, ಭರಣಿಗಲ್ಲ.

ಎಚ್ಚರಿಕೆಯ ಗುರುತುಗಳು. ತಿರುವಿದಾಗ ಏಳುವ ನಾಲ್ಕು ಗುಳ್ಳೆ ಸಹಜ. ತಿರುವದಿದ್ದರೂ ಕೆಳಗಿನಿಂದ ಸಣ್ಣ ಗುಳ್ಳೆಗಳ ಸಾಲು ಏಳುತ್ತಿದ್ದರೆ ಹುದುಗು ಶುರುವಾಗಿದೆ. ಬೂಸಲು ಇಲ್ಲದೆ, ವಾಸನೆ ಕೆಡದೆ ಇದ್ದರೆ ಕೂಡಲೇ ಸಿಪ್ಪೆ ಸೋಸಿ ತೆಗೆದು ಫ್ರಿಜ್ಜಿನಲ್ಲಿಟ್ಟು ಬೇಗ ಖರ್ಚು ಮಾಡಿ. ಹೆಂಡದ ವಾಸನೆ ಬಂದಿದ್ದರೆ, ಮುಚ್ಚಳ ಉಬ್ಬಿದ್ದರೆ, ಮೇಲೆ ಬಿಳಿ-ಹಸಿರು ಪೊರೆ ಕಂಡರೆ ಚೆಲ್ಲುವುದೇ ದಾರಿ. ಪೊರೆ ತೆಗೆದು ಕೆಳಗಿನದನ್ನು ಉಳಿಸಿಕೊಳ್ಳುವ ಉಪಾಯ ಬೇಡ.

ಸೋಸಿದ ಸಿಪ್ಪೆಯನ್ನು ಎಸೆಯಬೇಡಿ. ಎರಡು ದಿನ ಒಣಗಿಸಿದರೆ ಮಕ್ಕಳ ಬಾಯಿಗೆ ಪೆಪ್ಪರಮಿಂಟಿನ ಬದಲು ಆಗುತ್ತದೆ.

## ಹಂತ 4: ಸಿಪ್ಪೆ ಒಣಗಿಸುವುದು

ಎರಡು ಬಗೆ. ಯಾವುದನ್ನು ಮಾಡುತ್ತೀರಿ ಎಂದು ಮೊದಲೇ ತೀರ್ಮಾನಿಸಿ, ನಡುವೆ ಬದಲಿಸಬೇಡಿ.

ಉಪ್ಪಿಲ್ಲದ್ದು. ಹೋಳುಗಳನ್ನು ಬಿದಿರ ತಟ್ಟಿಯ ಮೇಲೆ ಒಂದೇ ಪದರದಲ್ಲಿ, ಬಟ್ಟಲಿನ ಬಾಯಿ ಮೇಲಾಗಿ ಹರವಿ ಸೊಳ್ಳೆಪರದೆ ಮುಚ್ಚಿ. ತಟ್ಟಿಯನ್ನು ನೆಲದಿಂದ ಒಂದಡಿ ಎತ್ತರಿಸಿದರೆ ಕೆಳಗಿನಿಂದಲೂ ಗಾಳಿಯಾಡುತ್ತದೆ. ಎರಡನೇ ದಿನ ಮಗುಚಿ. ಒಳ್ಳೆಯ ಬಿಸಿಲಿಗೆ 6ರಿಂದ 8 ದಿನ ಬೇಕು. ಸಂಜೆ ಒಳಗೆ ತಂದಾಗ ಬಿಸಿಯಿರುವ ಸಿಪ್ಪೆಯನ್ನು ರಾಶಿ ಮಾಡಿ ಮುಚ್ಚಬೇಡಿ. ಬೆವರಿ, ಹಗಲೆಲ್ಲ ಒಣಗಿದ್ದು ರಾತ್ರಿ ಮತ್ತೆ ಒದ್ದೆಯಾಗುತ್ತದೆ.

ಉಪ್ಪುರಸ ಕುಡಿಸಿದ್ದು. ಸೋಸಿದ ರಸಕ್ಕೆ ಲೀಟರಿಗೆ 100 ಗ್ರಾಂ ಕಲ್ಲುಪ್ಪು ಕರಗಿಸಿ. ಸಿಪ್ಪೆ ಮೊದಲ ದಿನ ಬರೀ ಬಿಸಿಲಿಗೆ ಬಾಡಲಿ. ಸಂಜೆ ರಸದಲ್ಲಿ ಮುಳುಗಿಸಿ, ಬೆಳಿಗ್ಗೆ ಬಸಿದು ಒಣಗಿಸಿ, ಸಂಜೆ ಮತ್ತೆ ಮುಳುಗಿಸಿ. ರಸ ಮುಗಿಯುವ ತನಕ 3-4 ಸಲ ಹೀಗೆ ಮಾಡಿದ ಮೇಲೆ ಕೊನೆಯ ಒಣಗಿಸುವಿಕೆಗೆ ಇನ್ನೂ 4-5 ದಿನ ಕೊಡಿ. ಸಿಪ್ಪೆ ಕಪ್ಪುಗೆಂಪಾಗಿ, ದಪ್ಪನಾಗಿ, ಹುಳಿ ಇಮ್ಮಡಿಸುತ್ತದೆ. ಇದು ಕೊಂಕಣಿಗರ ಆಮ್ಸೋಲು.

ಯಾವುದು ಮೇಲು? ಸಾರಿಗೂ ಪಾನಕಕ್ಕೂ ಉಪ್ಪಿಲ್ಲದ್ದೇ ಸರಿ. ಪರಿಮಳ ಉಳಿದಿರುತ್ತದೆ, ಅಡುಗೆಯ ಉಪ್ಪು ನಮ್ಮ ಕೈಯಲ್ಲಿರುತ್ತದೆ. ಮೀನಿನ ಗಸಿ, ಸಾಂಬಾರಿಗೆ ಉಪ್ಪಿನದು ಒಳ್ಳೆಯದು. ಆದರೆ ಉಪ್ಪು ಗಾಳಿಯ ತೇವವನ್ನು ಎಳೆಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅದು ಸದಾ ಅಂಟಂಟಾಗಿಯೇ ಇರುತ್ತದೆ. ಗಾಳಿಯಾಡದ ಡಬ್ಬ ಇಲ್ಲದವರು ಅದರ ತಂಟೆಗೆ ಹೋಗದಿರುವುದು ವಾಸಿ.

ಮೋಡ ಕವಿದರೆ ಅಡುಗೆ ಒಲೆಯ ಮೇಲಿನ ಅಟ್ಟ ಇದೆ. ಹೊಗೆವಾಸನೆ ಹತ್ತುತ್ತದೆ, ಸಾರಿಗೆ ಅಡ್ಡಿಯಿಲ್ಲ, ಪಾನಕಕ್ಕೆ ಆಗದು. ಡ್ರೈಯರ್ ಇದ್ದರೆ 50-60 ಡಿಗ್ರಿ ಮೀರಬಾರದು. ಮೀರಿದರೆ ಮೇಲ್ಮೈ ಗಟ್ಟಿಯಾಗಿ ಒಳಗಿನ ಹಸಿ ಒಳಗೇ ಉಳಿಯುತ್ತದೆ, ಕೆಂಪು ಹೋಗಿ ಕಂದು ಬರುತ್ತದೆ.

ಒಣಗಿದೆಯೇ ಎಂದು ನೋಡುವ ಬಗೆ. ಮುಟ್ಟಿ ನೋಡಿದರೆ ತಿಳಿಯುವುದಿಲ್ಲ, ಎಲ್ಲರೂ ಮೋಸ ಹೋಗುವುದು ಅಲ್ಲೇ. ದಪ್ಪ ಸಿಪ್ಪೆಯೊಂದನ್ನು ತೊಟ್ಟಿನ ಬಳಿ ಹರಿದು ನೋಡಿ. ನಡುವೆ ಹೊಳೆಯುವ ಹಸಿ ಗೆರೆ ಇರಕೂಡದು. ತೂಕ ಇನ್ನೂ ನಂಬಿಗಸ್ತ: ಉಪ್ಪಿಲ್ಲದ ಒಂದು ಕಿಲೋ ಹಸಿ ಸಿಪ್ಪೆ ಒಣಗಿ 200-250 ಗ್ರಾಂಗೆ ಇಳಿಯಬೇಕು. 350 ಗ್ರಾಂ ತೂಗಿದರೆ ಇನ್ನೂ ಎರಡು-ಮೂರು ಬಿಸಿಲು ಬಾಕಿ. ಕೊನೆಗೆ ಒಂದು ಹಿಡಿಯನ್ನು ಗಾಜಿನ ಜಾಡಿಗೆ ಹಾಕಿ ಬಿಗಿಯಾಗಿ ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಗಾಜಿನ ಒಳಗೆ ಮಂಜು ಕಟ್ಟಿದ್ದರೆ ಎಲ್ಲವೂ ಮತ್ತೆ ಅಂಗಳಕ್ಕೆ.

ಗೋಣಿಚೀಲದಲ್ಲಿ ಇಡಬೇಡಿ. ಗಾಜಿನ ಜಾಡಿ ಅಥವಾ ದಪ್ಪ ಪ್ಲಾಸ್ಟಿಕ್ ಕವರಿಗೆ ಸಣ್ಣ ಸಣ್ಣ ಪಾಲು ತುಂಬಿ, ಕತ್ತಲಲ್ಲಿಡಿ. ಒಂದು ಕೆಟ್ಟರೂ ಉಳಿದವು ಉಳಿಯುತ್ತವೆ. ಮಳೆ ಹೊಳವಾದ ದಿನ ತೆರೆದು ನೋಡಿ. ಉಪ್ಪಿನ ಸಿಪ್ಪೆಯ ಮೇಲೆ ಬಿಳುಪು ಕಂಡ ಕೂಡಲೇ ಗಾಬರಿ ಬೇಡ: ಹರಳುಹರಳಾಗಿದ್ದು ನೀರಿನಲ್ಲಿ ಕರಗಿದರೆ ಅದು ಉಪ್ಪು, ಹತ್ತಿಯ ಹಾಗೆ ನವಿರಾಗಿದ್ದು ಮುಗ್ಗಲು ನಾತ ಬಂದರೆ ಬೂಸಲು. ಬೂಸಲು ಬಂದದ್ದನ್ನು ತೊಳೆದು ಮತ್ತೆ ಒಣಗಿಸಿ ಬಳಸಬೇಡಿ. ಬೂಸಲಿನ ವಿಷ ಬಿಸಿಲಿಗೂ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ.

ರಸ ಮಿಕ್ಕಿದ್ದರೆ ಲೀಟರಿಗೆ 150-200 ಗ್ರಾಂ ಲೆಕ್ಕದಲ್ಲಿ ಉಪ್ಪು ಕರಗಿಸಿ ಬಾಟಲಿಗೆ ತುಂಬಿ. ಅಡುಗೆಗೆ ಹುಳಿಯಾಗುತ್ತದೆ.

## ಹಂತ 5: ಬೀಜ ಸಿದ್ಧಮಾಡುವುದು

ಗಿಡ ಮಾಡುವ ಯೋಚನೆ ಇದ್ದರೆ ಒಳ್ಳೆಯ ಬೀಜಗಳನ್ನು ಈಗಲೇ ತೆಗೆದು ಹಸಿಯಾಗಿಯೇ ಊರಿ. ಒಣಗಿದ ಮುರುಗಲ ಬೀಜ ಮೊಳೆಯುವುದಿಲ್ಲ. ಬೀಜದ ಸಸಿಗಳಲ್ಲಿ ಗಂಡು ಮರಗಳೂ ಬರುತ್ತವೆ, ಅವು ಹೂ ಬಿಡುತ್ತವೆಯೇ ಹೊರತು ಕಾಯಿ ಕಚ್ಚುವುದಿಲ್ಲ. ಖಚಿತವಾಗಿ ಹಣ್ಣು ಬೇಕೆಂದರೆ ಹೆಣ್ಣು ಮರದ ಕಸಿ ಗಿಡ ತನ್ನಿ.

ತುಪ್ಪಕ್ಕಾದರೆ, ರಸ ಹಿಂಡಿದ ಬೀಜಕ್ಕೆ ಅಂಟಿದ ತಿರುಳನ್ನು ಬೂದಿ ಅಥವಾ ಮರಳಿನಲ್ಲಿ ಉಜ್ಜಿ ತೊಳೆದು ಅಂದೇ ಬಿಸಿಲಿಗೆ ಹಾಕಿ. ಸಿಪ್ಪೆಯ ಗಡಿಬಿಡಿಯಲ್ಲಿ ಬೀಜವನ್ನು ಬಕೆಟ್ಟಿನಲ್ಲೇ ನಾಲ್ಕು ದಿನ ಬಿಟ್ಟರೆ ಒಳಗಿನ ಜಿಡ್ಡು ಅಲ್ಲೇ ಕೆಡಲು ತೊಡಗುತ್ತದೆ. ಆಮೇಲೆ ಎಷ್ಟು ಸೋಸಿದರೂ ತುಪ್ಪದ ಕಮಟು ಹೋಗದು. 5-6 ಬಿಸಿಲಿಗೆ ಬೀಜ ಅಲುಗಾಡಿಸಿದರೆ ಗಲಗಲ ಎನ್ನುತ್ತದೆ. ಆಗ ಮರದ ಕೊಡತಿಯಿಂದ ಮೆಲ್ಲಗೆ ಬಡಿದು ಒಡೆದು, ಮೊರದಲ್ಲಿ ಕೇರಿ ಹೊಟ್ಟು ಬೇರ್ಪಡಿಸಿ. ಬೀಜದೊಳಗಿನ ತಿರುಳಿನಲ್ಲಿ ಕರಿ ಬಣ್ಣಕ್ಕೆ ತಿರುಗಿದ್ದನ್ನು ಆರಿಸಿ ತೆಗೆಯಿರಿ.

10 ಕಿಲೋ ಹಣ್ಣಿನಿಂದ ಒಣಬೀಜ ಒಂದು ಕಿಲೋ ದಾಟುವುದು ಅಪರೂಪ. ಆದ್ದರಿಂದ ಎರಡು-ಮೂರು ಕೊಯ್ಲಿನ ಬೀಜವನ್ನು ಒಣಗಿಸಿ ಸೇರಿಸಿಟ್ಟು ಒಮ್ಮೆಗೇ ತುಪ್ಪ ತೆಗೆಯುವುದು ಜಾಣತನ. ಒಣಗಿದ ಬೀಜ ಕಾಯುತ್ತದೆ, ಹಸಿ ಬೀಜ ಕಾಯುವುದಿಲ್ಲ.

## ಹಂತ 6: ಮುರುಗಲ ತುಪ್ಪ ತೆಗೆಯುವುದು

1. ಬೀಜದ ತಿರುಳನ್ನು ಬಾಣಲೆಯಲ್ಲಿ ಕೈ ಸುಡದಷ್ಟು ಬೆಚ್ಚಗೆ ಮಾಡಿ ಒರಳಿನಲ್ಲಿ ಕುಟ್ಟಿ. ಪುಡಿಯಾದರೆ ಸಾಲದು, ಉಂಡೆ ಕಟ್ಟುವ ಹಾಗೆ ಜಿಡ್ಡು ಮೇಲೆ ಹೊಳೆಯಬೇಕು. ತರಿತರಿಯಾಗಿ ಬಿಟ್ಟರೆ ತುಪ್ಪ ತರಿಯೊಳಗೇ ಉಳಿಯುತ್ತದೆ. ತುಪ್ಪ ಬರಲಿಲ್ಲ ಎನ್ನುವವರ ಮೊದಲ ತಪ್ಪು ಇದು.

2. ಒಂದು ಪಾಲು ಮುದ್ದೆಗೆ ನಾಲ್ಕು ಪಾಲು ಬಿಸಿನೀರು. ಅಗಲ ಬಾಯಿಯ ಪಾತ್ರೆಯಲ್ಲಿ, ಸಣ್ಣ ಉರಿಯಲ್ಲಿ, ಒಂದರಿಂದ ಒಂದೂವರೆ ಗಂಟೆ. ಮೇಲೆ ಸಣ್ಣ ಕಂಪನ ಇದ್ದರೆ ಸಾಕು. ಕೊತಕೊತ ಕುದಿಸಿದರೆ ಹಿಟ್ಟು, ನೀರು, ಜಿಡ್ಡು ಮೂರೂ ಬೆರೆತು ಗಂಜಿಯಾಗುತ್ತದೆ. ಇದು ಎರಡನೇ ತಪ್ಪು. ನೀರು ಇಳಿದರೆ ಬಿಸಿನೀರನ್ನೇ ಸೇರಿಸಿ.

3. ಉರಿ ನಿಲ್ಲಿಸಿ ರಾತ್ರಿಯಿಡೀ ಅಲುಗಾಡಿಸದೆ ಬಿಡಿ. ಈ ತುಪ್ಪ 40 ಡಿಗ್ರಿಯ ಆಸುಪಾಸಿನಲ್ಲಿ ಕರಗುವಂಥದ್ದು, ಬೆಳಿಗ್ಗೆ ನೀರಿನ ಮೇಲೆ ಗಟ್ಟಿ ಹಪ್ಪಳವಾಗಿ ಕೂತಿರುತ್ತದೆ. ಬಿಸಿಯಿರುವಾಗ ಸೌಟಿನಿಂದ ತೆಗೆಯಲು ಹೋದರೆ ಅರ್ಧ ನೀರೇ ಬರುತ್ತದೆ.

4. ಹಪ್ಪಳವನ್ನು ಎತ್ತಿ, ಶುದ್ಧ ನೀರಿನಲ್ಲಿ ಇನ್ನೊಮ್ಮೆ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಮತ್ತೆ ಹೆಪ್ಪುಗಟ್ಟಿಸಿ. ಹೀಗೆ ತೊಳೆದರೆ ಹಿಟ್ಟಿನ ಕಸ ಕೆಳಗುಳಿಯುತ್ತದೆ.

5. ಕೊನೆಗೆ ಸಣ್ಣ ಉರಿಯಲ್ಲಿ ಕರಗಿಸಿ, ಚಟಪಟ ಸದ್ದು ನಿಲ್ಲುವ ತನಕ ಕಾಯಿಸಿ. ಸದ್ದು ಇರುವಷ್ಟು ಹೊತ್ತು ಒಳಗೆ ನೀರಿದೆ. ನಿಂತ ಕೂಡಲೇ ಇಳಿಸಿ, ತೆಂಗಿನ ಗರಟೆಗೋ ಸಣ್ಣ ಬಟ್ಟಲಿಗೋ ಹೊಯ್ಯಿರಿ.

ಗಂಜಿಯೇ ಆಗಿಬಿಟ್ಟಿದ್ದರೆ ಎಸೆಯುವ ಮುನ್ನ ಒಂದು ಪ್ರಯತ್ನ: ಒಂದು ಹಿಡಿ ಉಪ್ಪು ಕರಗಿಸಿದ ಬಿಸಿನೀರು ಸೇರಿಸಿ, ಕಲಕದೆ ಬೆಚ್ಚಗೆ ಎರಡು ಗಂಟೆ ಇಟ್ಟು, ಆಮೇಲೆ ತಣಿಸಿ. ಎಲ್ಲವೂ ಅಲ್ಲದಿದ್ದರೂ ಒಂದಷ್ಟು ಬೇರ್ಪಡುತ್ತದೆ.

ಒಂದು ಕಿಲೋ ಒಣಬೀಜದಲ್ಲಿ ಕಾಲು ಕಿಲೋದಷ್ಟು ಜಿಡ್ಡು ಇದ್ದರೂ ಮನೆಯ ಪಾತ್ರೆಯಲ್ಲಿ ಅಷ್ಟೂ ಇಳಿಯದು. 150 ಗ್ರಾಂ ಬಂದರೆ ಕೈ ಪಳಗಿದೆ ಎಂದರ್ಥ. ಒಳ್ಳೆಯ ತುಪ್ಪ ಮಾಸಲು ಬಿಳಿ, ಉಗುರಿನಿಂದ ಗೀರಿದರೆ ಮೇಣದಂತೆ ಏಳುತ್ತದೆ, ಅಂಗೈಯಲ್ಲಿ ಉಜ್ಜಿದರೆ ಮೆಲ್ಲಗೆ ಕರಗುತ್ತದೆ. ಕಪಾಟಿನಲ್ಲೇ ಎಣ್ಣೆಯಾಗಿ ಹರಿಯುತ್ತಿದ್ದರೆ ಬೇರೆ ಎಣ್ಣೆ ಬೆರೆತಿದೆ. ಹಳದಿ-ಕಂದಾಗಿ ಹಳೇ ಎಣ್ಣೆಯ ಘಾಟು ಬಂದರೆ ಅದರ ಕಾಲ ಮುಗಿಯಿತು.

## ಹಂತ 7: ಬಳಸುವಾಗ

ಸಾರಿಗೆ ಲೀಟರ್ ನೀರಿಗೆ 5-6 ಒಣ ಹೋಳು. ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಹಿಸುಕಿ, ಬೆಲ್ಲ, ಉಪ್ಪು, ಸೀಳಿದ ಹಸಿಮೆಣಸು ಹಾಕಿ ಒಂದು ಕುದಿ ಬಂದ ಕೂಡಲೇ ಇಳಿಸಿ. ಹೆಚ್ಚು ಕುದಿಸಿದಷ್ಟೂ ಬಣ್ಣ ಸಾಯುತ್ತದೆ, ಒಗರು ಬರುತ್ತದೆ. ಪಾನಕಕ್ಕೆ ಒಂದು ಪಾಲು ಪಾಕ, ಐದಾರು ಪಾಲು ತಣ್ಣೀರು, ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ. ಸಕ್ಕರೆ ಕಾಯಿಲೆ ಇರುವವರು ಪಾಕ ಬಿಟ್ಟು ಒಣಸಿಪ್ಪೆ ನೆನೆಸಿದ ನೀರನ್ನೇ ಕುಡಿಯಬಹುದು.

ತುಪ್ಪ ಒಡೆದ ಹಿಮ್ಮಡಿಗೆ, ಬಿರಿದ ತುಟಿಗೆ. ರಾತ್ರಿ ಕಾಲನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಬಿರುಕಿನೊಳಗಿನ ಮಣ್ಣು ತೆಗೆದು, ಪೂರ್ತಿ ಒರೆಸಿ, ತುಪ್ಪವನ್ನು ದೀಪಕ್ಕೆ ಹಿಡಿದ ಚಮಚದಲ್ಲಿ ಕರಗಿಸಿ ಉಗುರುಬೆಚ್ಚಗಾದ ಮೇಲೆ ಬಿರುಕಿಗೆ ತುಂಬಿ, ಕಾಲುಚೀಲ ಹಾಕಿ ಮಲಗಿ. ಒದ್ದೆ ಕಾಲಿಗೆ ಹಚ್ಚಿದರೆ ಜಾರಿ ಹೋಗುತ್ತದೆ. ರಕ್ತ ಬರುವ, ಕೀವು ಕಟ್ಟಿದ ಬಿರುಕಿಗೆ ಇದು ಮದ್ದಲ್ಲ, ವೈದ್ಯರಿಗೆ ತೋರಿಸಿ. ಸುಟ್ಟ ಗಾಯಕ್ಕೆ ಮುರುಗಲ ತುಪ್ಪ ಹಚ್ಚುವ ರೂಢಿ ಹಲವು ಮನೆಗಳಲ್ಲಿದೆ, ಆದರೆ ಆಗಷ್ಟೇ ಸುಟ್ಟದ್ದಕ್ಕೆ ಯಾವ ಜಿಡ್ಡೂ ಬೇಡ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. 20 ನಿಮಿಷ ಹರಿಯುವ ತಣ್ಣೀರಿಗೆ ಹಿಡಿಯಿರಿ. ಗಾಯ ಪೂರ್ತಿ ಮಾಗಿ ಚರ್ಮ ಬಿಗಿದು ತುರಿಸತೊಡಗಿದಾಗ ಹಚ್ಚಲು ತುಪ್ಪ ಇದ್ದೇ ಇದೆ.